ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ: ಬೀದರನ್ನು ಎಣಿಸಿದವರ ಕಥೆ

ಚುನಾವಣೆ ಹತ್ತಿರ ಬಂದರೆ ಸಾಕು, ನಮ್ಮೆಲ್ಲರ ಮೊಬೈಲಿಗೂ ಒಂದು ಚಿತ್ರ ಬಂದು ಬೀಳುತ್ತದೆ. ಬಣ್ಣದ ಪಟ್ಟಿಗಳು, ಪಕ್ಷಗಳ ಹೆಸರು, ಪಕ್ಕದಲ್ಲಿ ಶೇಕಡಾ ಲೆಕ್ಕ. ಎಷ್ಟು ಜನರನ್ನು ಕೇಳಿದರು, ಯಾವ ಊರಲ್ಲಿ ಕೇಳಿದರು, ಕೇಳಿದವರು ಯಾರು ಎಂಬುದು ಮಾತ್ರ ಅದರಲ್ಲಿ ಇರುವುದಿಲ್ಲ. ಔರಾದ್ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುತ್ತಿದ್ದಾಗ ಹಿರಿಯರೊಬ್ಬರು ಅಂಥದ್ದೇ ಚಿತ್ರ ತೋರಿಸಿ, "ಇದು ಖರೇ ಅದಾ ಏನು ತಮ್ಮಾ? ನಮ್ಮೂರಿಗಂತೂ ಯಾರೂ ಬಂದು ಕೇಳಿಲ್ಲ" ಎಂದರು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ಹಿಂದಕ್ಕೆ ಹೋದೆವು. ಹೋದಂತೆ ಒಂದು ವಿಷಯ ಗೊತ್ತಾಯಿತು. ಇವತ್ತು ನಾವು ಬೀದರ್ ಜಿಲ್ಲೆ ಎಂದು ಕರೆಯುವ ನೆಲದ ಗಡಿ ಕೂಡ ಒಂದು ಎಣಿಕೆಯನ್ನು ಮುಂದಿಟ್ಟುಕೊಂಡು ಹಾಕಿದ ಗೆರೆ. ಆ ಎಣಿಕೆಯ ಜಗಳ ಇನ್ನೂ ಮುಗಿದಿಲ್ಲ.

ಬೋರ್ಡು ನೋಡಿ ಎಣಿಸಿದ್ದರೆ

ನಿಜಾಮರ ಹೈದರಾಬಾದ್ ರಾಜ್ಯದಲ್ಲಿ ಕಚೇರಿಯ ಭಾಷೆ ಉರ್ದು. ಬೀದರ್, ಭಾಲ್ಕಿ, ಔರಾದ್‌ ಕಡೆಯ ಮನೆಗಳಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಒಬ್ಬನೇ ಮನುಷ್ಯ ಮನೆಯಲ್ಲಿ ಒಂದು, ಬಜಾರದಲ್ಲಿ ಇನ್ನೊಂದು, ತಹಶೀಲಿಯಲ್ಲಿ ಮತ್ತೊಂದು ಭಾಷೆ ಆಡುವುದು ಸಾಮಾನ್ಯವಾಗಿತ್ತು. ಈಗಲೂ ಹಾಗೆಯೇ ಇದೆ.

ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರ ಕಥೆ ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ಆ ಕಾಲದಲ್ಲಿ ಅವರು ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿಸಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು ಎಂದು ಹಿರಿಯರು ಹೇಳುತ್ತಾರೆ. ಈ ಕಥೆಯನ್ನು ನಾವು ಕನ್ನಡಾಭಿಮಾನದ ಕಥೆಯೆಂದು ಕೇಳುತ್ತ ಬೆಳೆದಿದ್ದೇವೆ. ಇದರಲ್ಲಿ ಎಣಿಕೆಯ ಪಾಠವೂ ಇದೆ. ಸರ್ಕಾರದ ಒಬ್ಬ ಗುಮಾಸ್ತ ಬೀದಿಯಲ್ಲಿ ನಿಂತು ಬೋರ್ಡು ಓದಿ ಲೆಕ್ಕ ಬರೆದುಕೊಂಡು ಹೋಗಿದ್ದರೆ, ಅವನ ಪುಸ್ತಕದಲ್ಲಿ ಅದು ಉರ್ದು ಶಾಲೆ. ಅವನು ಸುಳ್ಳು ಬರೆದಂತಾಗುತ್ತಿರಲಿಲ್ಲ. ಆದರೆ ಒಳಗೆ ಕೂತ ಮಕ್ಕಳು ಆ ಲೆಕ್ಕಕ್ಕೆ ಸಿಗುತ್ತಿರಲಿಲ್ಲ.

ಕೆಲವೊಮ್ಮೆ ಗುಮಾಸ್ತ ಬರುವುದೇ ಇಲ್ಲ. ಬ್ರಿಟಿಷರ ಕಾಲದಲ್ಲಿ ಜಾರ್ಜ್ ಗ್ರಿಯರ್ಸನ್ ನಡೆಸಿದ ಭಾರತೀಯ ಭಾಷಾ ಸಮೀಕ್ಷೆ ಬಹಳ ದೊಡ್ಡದು, ಬಹಳ ಹೆಸರಾದದ್ದು. ಆದರೆ ಆ ಸಮೀಕ್ಷೆ ಮದ್ರಾಸ್ ಪ್ರಾಂತ್ಯಕ್ಕೆ, ಮೈಸೂರಿಗೆ, ಹೈದರಾಬಾದ್ ಸಂಸ್ಥಾನಕ್ಕೆ ಬರಲೇ ಇಲ್ಲ. ಹೆಸರಿನಲ್ಲಿ ಇಡೀ ಭಾರತವಿದ್ದರೂ ನಮ್ಮ ಬೀದರ್ ಅದರೊಳಗೆ ಇರಲಿಲ್ಲ.

1951ರ ಪ್ರಶ್ನೆ

ಸ್ವತಂತ್ರ ಭಾರತದ ಮೊದಲ ಜನಗಣತಿ 1951ರಲ್ಲಿ ನಡೆಯಿತು. ಹೈದರಾಬಾದಿನ ಪೊಲೀಸ್ ಕಾರ್ಯಾಚರಣೆ ಆಗಿದ್ದು 1948ರ ಸೆಪ್ಟೆಂಬರಿನಲ್ಲಿ. ಆ ವರ್ಷ ಮೊದಲು ರಜಾಕಾರರ ಹಾವಳಿ, ಆಮೇಲೆ ಮುಸ್ಲಿಮರ ಮೇಲೆ ನಡೆದ ಹಿಂಸೆ. ನೆಹರೂ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ಅದಾಗಿ ಎರಡೂವರೆ ವರ್ಷಕ್ಕೆ ಗಣತಿದಾರ ಬಾಗಿಲಿಗೆ ಬಂದು ಧರ್ಮ ಯಾವುದು, ಮಾತೃಭಾಷೆ ಯಾವುದು ಎಂದು ಕೇಳಿದ. ಅಂಥ ದಿನಗಳನ್ನು ಕಂಡ ಮನೆಯಲ್ಲಿ ಆ ಪ್ರಶ್ನೆ ಬರೀ ಪ್ರಶ್ನೆಯಾಗಿ ಕೇಳಿಸಿರಲಾರದು.

ಆಗಿನ ಬೀದರ್ ಜಿಲ್ಲೆ ಇವತ್ತಿನದಕ್ಕಿಂತ ದೊಡ್ಡದು. ಉದ್ಗೀರ್, ನಿಲಂಗಾ, ಅಹ್ಮದ್‌ಪುರ, ಜಹೀರಾಬಾದ್, ನಾರಾಯಣಖೇಡ ಎಲ್ಲ ಅದರೊಳಗಿದ್ದವು. ಇಡೀ ಜಿಲ್ಲೆಯ ಲೆಕ್ಕದಲ್ಲಿ ಯಾವ ಭಾಷೆಗೂ ಅರ್ಧಕ್ಕಿಂತ ಹೆಚ್ಚು ಜನ ಇರಲಿಲ್ಲ. ಮರಾಠಿಯವರ ಗುಂಪು ದೊಡ್ಡದು, ಅದರ ಹಿಂದೆ ಕನ್ನಡ, ಆಮೇಲೆ ತೆಲುಗು ಮತ್ತು ಉರ್ದು.

ಜನರ ಉತ್ತರ ರಾಜಕೀಯಕ್ಕೆ ಸಿಕ್ಕಿದರೆ ಏನಾಗುತ್ತದೆ ಎಂಬುದಕ್ಕೆ ಅದೇ ಗಣತಿಯಲ್ಲಿ ಪಂಜಾಬಿನ ಉದಾಹರಣೆ ಇದೆ. ಅಲ್ಲಿ ಹಿಂದಿ, ಪಂಜಾಬಿ ಜಗಳ ಎಷ್ಟು ಜೋರಾಯಿತೆಂದರೆ, ಭಾಷೆಯ ಉತ್ತರಗಳನ್ನು ನಂಬುವುದು ಕಷ್ಟವಾಗಿ ಹಿಂದಿ, ಉರ್ದು, ಪಂಜಾಬಿ, ಪಹಾಡಿ ಎಲ್ಲವನ್ನೂ ಕೂಡಿಸಿ ಒಂದೇ ಅಂಕಿಯಾಗಿ ಪ್ರಕಟಿಸಿದರು.

ಒಂದೂವರೆ ಲಕ್ಷ ಪತ್ರಗಳು

1953ರ ಡಿಸೆಂಬರಿನಲ್ಲಿ ಫಜಲ್ ಅಲಿ ನೇತೃತ್ವದ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. ಎಚ್. ಎನ್. ಕುಂಜ್ರು, ಕೆ. ಎಂ. ಪಣಿಕ್ಕರ್ ಅದರ ಸದಸ್ಯರು. ಜನರ ಅಭಿಪ್ರಾಯ ಕಳಿಸಿ ಎಂದು ಆಯೋಗ ಕೇಳಿದಾಗ ಬಂದದ್ದು 1,52,250 ಕಾಗದಗಳು. ಕೇಳಿದರೆ ಎದೆ ಝಲ್ಲೆನ್ನುವ ಸಂಖ್ಯೆ. ಆದರೆ ಹೆಚ್ಚಿನವು ಠರಾವುಗಳು, ತಂತಿಗಳು, ಒಂದೇ ಬೇಡಿಕೆಯನ್ನು ಮತ್ತೆ ಮತ್ತೆ ಹೇಳಿದವು. ಯೋಚಿಸಿ ಬರೆದ ಮನವಿಗಳು ಸುಮಾರು 2,000 ದಾಟಲಿಲ್ಲ ಎಂದು ಆಯೋಗವೇ ತನ್ನ ವರದಿಯಲ್ಲಿ ಹೇಳಿತು. ಅದು 104 ಸ್ಥಳಗಳಿಗೆ ಹೋಗಿ 9,000ಕ್ಕೂ ಹೆಚ್ಚು ಜನರ ಮಾತು ಕೇಳಿತು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಪತ್ರ ಬರೆಯುವವರು ಯಾರು? ಓದು ಬಂದವರು, ಸಂಘಟನೆ ಇದ್ದವರು, ತಂತಿ ಕಳಿಸಲು ದುಡ್ಡಿದ್ದವರು. ಔರಾದಿನ ಹೊಲದಲ್ಲಿ ತೊಗರಿ ಕೀಳುತ್ತಿದ್ದ ಕೂಲಿ ಹೆಂಗಸು ದೆಹಲಿಗೆ ತಂತಿ ಕಳಿಸಿರಲಾರಳು. ಇವತ್ತು ಮೊಬೈಲಿನಲ್ಲಿ "ನಿಮ್ಮ ಮತ ಯಾರಿಗೆ, ಒತ್ತಿ" ಎಂದು ಬರುವ ಸಮೀಕ್ಷೆಯೂ ಇದೇ ಜಾತಿಯದು. ಒತ್ತಿದವರು ಲಕ್ಷ ಇರಬಹುದು, ಒತ್ತದವರ ಮನಸ್ಸು ಅದರಲ್ಲಿ ಇರುವುದಿಲ್ಲ. ಅಮೆರಿಕದಲ್ಲಿ 1936ರಲ್ಲಿ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರ ಕೂಡಿಸಿ ರೂಸ್‌ವೆಲ್ಟ್ ಸೋಲುತ್ತಾರೆ ಎಂದಿತ್ತು. ಅವರು ಭಾರಿ ಬಹುಮತದಿಂದ ಗೆದ್ದರು. ಪತ್ರಿಕೆ ಹೆಸರು ಆರಿಸಿದ್ದು ಟೆಲಿಫೋನ್, ಕಾರು ಇದ್ದವರ ಪಟ್ಟಿಗಳಿಂದ. ಅದೂ ಉತ್ತರ ಬರೆದು ಕಳಿಸುವ ಮನಸ್ಸಿದ್ದವರದ್ದು ಮಾತ್ರ ಲೆಕ್ಕಕ್ಕೆ ಬಂತು.

ಗೆರೆ ಎಲ್ಲಿ ಹಾಕಿದರು

1955ರ ಸೆಪ್ಟೆಂಬರ್ 30ರಂದು ಬಂದ ಆಯೋಗದ ವರದಿ ಓದಿದರೆ ಇವತ್ತಿನ ಹುಡುಗರಿಗೆ ಆಶ್ಚರ್ಯವಾಗಬಹುದು. ತೆಲುಗು ಜಿಲ್ಲೆಗಳ ಜೊತೆ ಬೀದರ್ ಜಿಲ್ಲೆಯನ್ನೂ ಹೈದರಾಬಾದ್ ರಾಜ್ಯದಲ್ಲೇ ಉಳಿಸಬೇಕು ಎಂದು ಅದು ಶಿಫಾರಸು ಮಾಡಿತ್ತು. ಅದು ಹಾಗೆಯೇ ಜಾರಿಯಾಗಿದ್ದರೆ ನಾವು ಕರ್ನಾಟಕದವರಾಗುತ್ತಿರಲಿಲ್ಲ.

1956ರ ಕಾನೂನು ಬೇರೆ ದಾರಿ ಹಿಡಿಯಿತು. ಉದ್ಗೀರ್, ನಿಲಂಗಾ, ಅಹ್ಮದ್‌ಪುರ ತಾಲೂಕು ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ ಆಂಧ್ರಕ್ಕೆ ಹೋಯಿತು. ಜಹೀರಾಬಾದ್ ತಾಲೂಕು ಆಂಧ್ರಕ್ಕೆ, ಆದರೆ ಅದರ ನಿರ್ಣಾ ಸರ್ಕಲ್ ನಮ್ಮ ಕಡೆಗೆ. ಬೀದರ್ ತಾಲೂಕು ನಮ್ಮ ಕಡೆಗೆ, ಆದರೆ ಅದರ ನ್ಯಾಲಕಲ್ ಸರ್ಕಲ್ ಆಂಧ್ರಕ್ಕೆ. ಉಳಿದ ಬೀದರ್ ನವೆಂಬರ್ 1ರಂದು ಮೈಸೂರು ರಾಜ್ಯ ಸೇರಿತು. ಈ ಉಳಿದ ಜಿಲ್ಲೆಯಲ್ಲಿ ಕನ್ನಡವೇ ದೊಡ್ಡ ಭಾಷೆಯಾಯಿತು.

ಇದರಲ್ಲಿ ಜನ ಬದಲಾಗಲಿಲ್ಲ, ಅವರ ಉತ್ತರವೂ ಬದಲಾಗಲಿಲ್ಲ. ಎಣಿಸುವ ಬೇಲಿ ಬದಲಾಯಿತು. ಒಂದು ಕಲ್ಪನೆಯ ಲೆಕ್ಕ ಹಾಕೋಣ. ಮೂರು ಊರು, ಪ್ರತಿ ಊರಲ್ಲಿ ನೂರು ಜನ. ಮೊದಲ ಊರಲ್ಲಿ 90 ಜನ ಕನ್ನಡದವರು, ಉಳಿದ ಎರಡರಲ್ಲಿ 40ರಂತೆ. ಬಾಕಿಯವರೆಲ್ಲ ಮರಾಠಿಯವರು. ಮೂರನ್ನೂ ಕೂಡಿಸಿದರೆ 300ರಲ್ಲಿ 170 ಕನ್ನಡ, ಅಂದರೆ ಕನ್ನಡ ಗೆದ್ದಿತು. ಊರೂರು ಬೇರೆ ಬೇರೆ ಎಣಿಸಿದರೆ ಎರಡು ಊರಲ್ಲಿ ಮರಾಠಿ ಗೆದ್ದಿತು. ಎರಡು ಲೆಕ್ಕವೂ ಸರಿಯೇ.

ಗಡಿ ಜಗಳದ ಒಂದು ಬೇರು ಇಲ್ಲಿದೆ. ಹಳ್ಳಿಯನ್ನೇ ಘಟಕವಾಗಿ ಎಣಿಸಬೇಕು ಎಂಬುದು ಮಹಾರಾಷ್ಟ್ರದ ವಾದ. 1966ರಲ್ಲಿ ನೇಮಕವಾದ ಮಹಾಜನ ಆಯೋಗದ ವರದಿ ಮರುವರ್ಷ ಬಂತು, ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಅದು ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಡಿಸೆಂಬರಿನಲ್ಲಿ ಅಲ್ಲಿನ ವಿಧಾನಮಂಡಲ 865 ಹಳ್ಳಿಗಳು ತಮಗೆ ಬೇಕೆಂದು ಠರಾವು ಮಾಡಿತು. ಅದರಲ್ಲಿ ಬೀದರ್, ಭಾಲ್ಕಿ ಹೆಸರೂ ಇತ್ತು. ಯಾರೋ ಹಾಕಿದ ಬೇಲಿಯ ಲೆಕ್ಕ ಇವತ್ತಿಗೂ ನಮ್ಮ ಮನೆ ಬಾಗಿಲಲ್ಲೇ ನಿಂತಿದೆ.

ತಾಂಡಾದ ತಾಯಿಯ ಮಾತು

ಬೇಲಿಯ ಹಾಗೆ ಖಾನೆಯೂ ಮುಖ್ಯ. 2011ರ ಗಣತಿಯಲ್ಲಿ ದೇಶದ ಜನ ಹೇಳಿದ ಮಾತೃಭಾಷೆಯ ಹೆಸರುಗಳು 19,569. ಅವನ್ನು ತೂರಿ ತೂರಿ ಕೊನೆಗೆ 121 ಭಾಷೆಗಳ ಅಡಿ ಜೋಡಿಸಿದರು. ನಮ್ಮ ಔರಾದ್ ಕಡೆ ತಾಂಡಾಗಳು ಬಹಳ. ಅಲ್ಲಿಯ ತಾಯಿ "ನಮ್ಮದು ಲಂಬಾಣಿ" ಎಂದು ಹೇಳಿದ್ದಾಳೆ, ಗಣತಿದಾರ ಹಾಗೆಯೇ ಬರೆದಿದ್ದಾನೆ. ಆದರೆ ದೆಹಲಿಯ ದೊಡ್ಡ ಪಟ್ಟಿಯಲ್ಲಿ ಲಂಬಾಣಿ ಹಿಂದಿಯ ಅಡಿ ಸೇರಿದೆ. ಮೇಲಿನ ಸಾಲು ಮಾತ್ರ ಓದಿದವನು "ಬೀದರಿನಲ್ಲಿ ಇಷ್ಟು ಹಿಂದಿಯವರೇ?" ಎಂದು ಬೆರಗಾಗುತ್ತಾನೆ. ಕೆಳಗಿನ ಸಾಲು ಓದಿದವನಿಗೆ ತಾಂಡಾ ಕಾಣುತ್ತದೆ.

ಮತ್ತೆ ಆ ಬಣ್ಣದ ಚಿತ್ರಕ್ಕೆ

ಭಾಲ್ಕಿಯ ಮಾರುಕಟ್ಟೆಯಲ್ಲಿ ಖರೀದಿದಾರ ತೊಗರಿ ಚೀಲವನ್ನು ಪೂರ್ತಿ ಸುರಿದು ನೋಡುವುದಿಲ್ಲ. ಕಬ್ಬಿಣದ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆಯುತ್ತಾನೆ. ಆ ಒಂದು ಹಿಡಿ ಸಾಕು, ಆದರೆ ಮೇಲೆ, ನಡುವೆ, ತಳದಲ್ಲಿ ಎಲ್ಲ ಕಡೆಯಿಂದ ತೆಗೆದಿರಬೇಕು. ಮೇಲಿನ ಒಣ ಕಾಳು ಮಾತ್ರ ನೋಡಿದರೆ ತಳದ ಹಸಿ ಕಾಳು ಗೊತ್ತಾಗುವುದಿಲ್ಲ. ಸಮೀಕ್ಷೆ ನಡೆಯುವುದೂ ಹೀಗೆಯೇ. ಸರಿಯಾಗಿ ಆರಿಸಿದ ಸಾವಿರ ಜನ ಸಿಕ್ಕರೆ ಲೆಕ್ಕ ಶೇ 3ರಷ್ಟು ಮಾತ್ರ ಹೆಚ್ಚುಕಡಿಮೆ ಆಗಬಹುದು.

ಆದರೆ ರಾಜ್ಯಕ್ಕೆಲ್ಲ 5,000 ಜನರನ್ನು ಕೇಳಿದ ಸಮೀಕ್ಷೆ ಎಂದುಕೊಳ್ಳಿ. 224 ಕ್ಷೇತ್ರಕ್ಕೆ ಹಂಚಿದರೆ ಕ್ಷೇತ್ರಕ್ಕೆ 22 ಜನ. ನಮ್ಮ ಜಿಲ್ಲೆಯ ಆರು ಕ್ಷೇತ್ರಕ್ಕೆ ಸುಮಾರು 134. ಅಷ್ಟು ಜನರಿಂದ ಬಂದ ಅಂಕಿ ಶೇ 8ರಿಂದ 9ರಷ್ಟು ಆಚೆ ಈಚೆ ಹೋಗಬಲ್ಲದು. ರಾಜ್ಯದ ಬಗ್ಗೆ ಸರಿಯಿರುವ ಸಮೀಕ್ಷೆ ಔರಾದಿನ ಬಗ್ಗೆ ಏನೂ ಹೇಳಲಾರದು.

2023ರ ವಿಧಾನಸಭಾ ಚುನಾವಣೆ ಇದನ್ನೇ ತೋರಿಸಿತು. ಹಲವು ಮತಗಟ್ಟೆ ಸಮೀಕ್ಷೆಗಳು ಅತಂತ್ರ ವಿಧಾನಸಭೆ ಎಂದವು. ಕಾಂಗ್ರೆಸ್ 135 ಸ್ಥಾನ ಗೆದ್ದಿತು. ಊರೂರಿನ ಸ್ವಯಂಸೇವಕರನ್ನು ಮನೆಮನೆಗೆ ಕಳಿಸಿ ಸುಮಾರು 41 ಸಾವಿರ ಜನರನ್ನು ಕೇಳಿದ 'ಈದಿನ' ಸಂಸ್ಥೆಯ ಸಮೀಕ್ಷೆ, ಮತದಾನಕ್ಕೆ ಮುಂಚೆಯೇ 132ರಿಂದ 140 ಎಂದಿತ್ತು. ಆದರೆ ಅದೇ ಅಲೆಯ ನಡುವೆ ನಮ್ಮ ಜಿಲ್ಲೆಯ ಆರರಲ್ಲಿ ನಾಲ್ಕು ಕ್ಷೇತ್ರ ಬಿಜೆಪಿಗೆ ಹೋದವು, ಔರಾದ್ ಸೇರಿ. ಕಾಂಗ್ರೆಸ್ಸಿಗೆ ಬಂದದ್ದು ಬೀದರ್ ಮತ್ತು ಭಾಲ್ಕಿ. ಮರುವರ್ಷ ಲೋಕಸಭೆಯಲ್ಲಿ ಲೆಕ್ಕ ತಿರುಗಾಮುರುಗಾ. ರಾಜ್ಯದಲ್ಲಿ ಬಿಜೆಪಿ ಮುಂದಿದ್ದರೂ ಬೀದರಿನಲ್ಲಿ ಕಾಂಗ್ರೆಸ್ ಗೆದ್ದಿತು. ಒಂದು ಸಲ ಸರಿ ಹೇಳಿದವರು ಮುಂದಿನ ಸಲವೂ ಸರಿ ಹೇಳುತ್ತಾರೆ ಎಂದೇನೂ ಇಲ್ಲ. ಅದಕ್ಕೇ ಅವರ ಹೆಸರಿಗಿಂತ ಮೊದಲು ಅವರು ಕೇಳಿದ ರೀತಿಯನ್ನು ನೋಡಬೇಕು.

ಹಾಗಾಗಿ ಆ ಹಿರಿಯರಿಗೆ ನಮ್ಮ ಉತ್ತರ ಇಷ್ಟು: "ಕಾಕಾ, ಚಿತ್ರ ಖರೇನೋ ಸುಳ್ಳೋ ಆಮೇಲೆ ನೋಡೋಣ. ಮೊದಲು ಯಾರು ಕೇಳಿದರು, ಯಾರನ್ನು ಕೇಳಿದರು, ಏನಂತ ಕೇಳಿದರು, ಬೇಲಿ ಎಲ್ಲಿ ಹಾಕಿದರು, ದುಡ್ಡು ಯಾರು ಕೊಟ್ಟರು ಎಂದು ಕೇಳ್ರಿ. ಇದಕ್ಕೆ ಉತ್ತರ ಬರೆಯದ ಚಿತ್ರವನ್ನು ಮುಂದೆ ಕಳಿಸಬ್ಯಾಡ್ರಿ."

ಇನ್ನೊಂದು ಕೆಲಸ ನಮ್ಮ ಮೇಲೂ ಇದೆ. ಮುಂದಿನ ಜನಗಣತಿಗೆ ಸರ್ಕಾರ ಗೊತ್ತುಮಾಡಿರುವ ದಿನ 2027ರ ಮಾರ್ಚ್ 1. ಗಣತಿದಾರರು ನಮ್ಮ ಬಾಗಿಲಿಗೂ ಬರುತ್ತಾರೆ. ಮಾತೃಭಾಷೆ ಕೇಳುತ್ತಾರೆ, ಅದರ ಜೊತೆ ಬರುವ ಇನ್ನೆರಡು ಭಾಷೆಗಳನ್ನೂ ಬರೆಸಬಹುದು. ಅವಸರದಲ್ಲಿ ಅವರೇ ಊಹಿಸಿ ಬರೆದುಕೊಳ್ಳಲು ಬಿಡಬೇಡಿ. ಮನೆಯಲ್ಲಿ ತಾಯಿ ನಮ್ಮೊಂದಿಗೆ ಯಾವ ಮಾತಾಡಿದಳೋ ಅದನ್ನೇ ಹೇಳಿ, ಅದು ಕನ್ನಡವಿರಲಿ, ಮರಾಠಿಯಿರಲಿ, ಉರ್ದುವಿರಲಿ, ಲಂಬಾಣಿಯಿರಲಿ. ಬರೆದದ್ದನ್ನು ಒಮ್ಮೆ ಓದಿ ಹೇಳಲು ಕೇಳಿ. ಅಂದು ಬೋರ್ಡಿನ ಹಿಂದೆ ಕೂತ ಮಕ್ಕಳಿಗೆ ಯಾರೂ ಪ್ರಶ್ನೆ ಕೇಳಲಿಲ್ಲ. ನಮ್ಮನ್ನು ಕೇಳುತ್ತಾರೆ.