ಸೋತವರು ಅಳೆದು ನೋಡಿದ ಕೋಟೆಗಳು

ಯುದ್ಧ ಗೆದ್ದವರು ರಣರಂಗಕ್ಕೆ ಮರಳಿ ಹೋಗಿ ಸ್ಮಾರಕ ಕಟ್ಟುವುದು ಸಾಮಾನ್ಯ. ಆದರೆ ಸೋತವರು ತಾವು ಸೋತ ಜಾಗಕ್ಕೇ ಹೋಗಿ, ‘ನಾವೇಕೆ ಸೋತೆವು?’ ಎಂದು ಕೇಳಿಕೊಳ್ಳುವುದು ಅಪರೂಪ. ಅಂಥದೊಂದು ಪ್ರಸಂಗ 1919ರಲ್ಲಿ ತುರ್ಕಿಯ ಡಾರ್ಡನೆಲ್ಸ್ ಜಲಸಂಧಿಯಲ್ಲಿ ನಡೆಯಿತು.

ಏಜಿಯನ್ ಸಮುದ್ರದ ಕಡೆಯಿಂದ ಇಸ್ತಾಂಬುಲಿಗೆ ಹೋಗುವ ಹಡಗುಗಳಿಗೆ ಈ ಜಲಸಂಧಿಯೊಂದೇ ದಾರಿ. ಚನಕ್ಕಲೆ ಪಟ್ಟಣದ ಬಳಿ ಅದರ ಅಗಲ ಒಂದೂಕಾಲು ಕಿಲೋಮೀಟರಿನಷ್ಟು ಮಾತ್ರ. ಅಲ್ಲಿ ಸುಲ್ತಾನ್ ಮುಹಮ್ಮದ್ ಫಾತಿಹ್ 15ನೇ ಶತಮಾನದಲ್ಲಿ ಎರಡೂ ದಡಗಳಲ್ಲಿ ಕೋಟೆ ಕಟ್ಟಿಸಿದರು. ಜಲಸಂಧಿಯ ಬಾಯಲ್ಲಿರುವ ಸೆದ್ದುಲ್‌ಬಹರ್, ಅಂದರೆ ‘ಸಮುದ್ರದ ತಡೆಗೋಡೆ’, 17ನೇ ಶತಮಾನದ್ದು. ಅದನ್ನು ಕಟ್ಟಿಸಿದವರು ಸುಲ್ತಾನ್ ನಾಲ್ಕನೇ ಮುಹಮ್ಮದರ ತಾಯಿ ತುರ್ಹಾನ್ ಸುಲ್ತಾನ್.

ಮೊದಲ ಮಹಾಯುದ್ಧದಲ್ಲಿ ಈ ಕೋಟೆ ಬಹಳ ಹಾನಿಗೊಳಗಾಯಿತು. 1914ರ ನವೆಂಬರ್ 3ರಂದು ಬ್ರಿಟಿಷ್ ಹಡಗುಗಳ ಗುಂಡಿಗೆ ಅದರ ಮದ್ದಿನ ಮನೆ ಸಿಡಿಯಿತು. 1915ರ ಫೆಬ್ರವರಿಯಲ್ಲಿ ಬಾಯಿಯ ಕೋಟೆಗಳೆಲ್ಲ ಮೌನವಾದವು. ಮಾರ್ಚ್ 18ರಂದು ಬ್ರಿಟನ್ ಮತ್ತು ಫ್ರಾನ್ಸ್ 18 ಯುದ್ಧನೌಕೆಗಳನ್ನು ಒಳಗೆ ನುಗ್ಗಿಸಿದವು. ಸಂಜೆಯ ಹೊತ್ತಿಗೆ ‘ಬೂವೆ’, ‘ಇರ್ರೆಸಿಸ್ಟಿಬಲ್’ ಮತ್ತು ‘ಓಷನ್’ ನಾಶವಾಗಿದ್ದವು. ಇನ್ನು ಮೂರು ತೀವ್ರವಾಗಿ ಜಖಂಗೊಂಡಿದ್ದವು. ಬೂವೆ ಒಂದರಲ್ಲೇ 600ಕ್ಕೂ ಹೆಚ್ಚು ನಾವಿಕರು ಪ್ರಾಣ ಕಳೆದುಕೊಂಡರು.

ಯುದ್ಧ ಮುಗಿದ ನಂತರ, 1919ರಲ್ಲಿ, ಬ್ರಿಟಿಷ್ ನೌಕಾಡಳಿತವು ಕಮೊಡೋರ್ ಮಿಚೆಲ್ ಎಂಬ ನೌಕಾಧಿಕಾರಿಯ ನೇತೃತ್ವದಲ್ಲಿ ಒಂದು ಸಮಿತಿಯನ್ನು ಅಲ್ಲಿಗೆ ಕಳುಹಿಸಿತು. ಸಮಿತಿಯವರು ಪಾಳುಬಿದ್ದ ಕೋಟೆಗಳನ್ನೂ ಫಿರಂಗಿ ನೆಲೆಗಳನ್ನೂ ಪರಿಶೀಲಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ, ನಿನ್ನೆಯ ಶತ್ರುಗಳಾಗಿದ್ದ ತುರ್ಕಿ ಸೇನೆಯವರಿಂದಲೇ ಮಾಹಿತಿ ಕೇಳಿ ಪಡೆದರು.

ಹಡಗುಗಳನ್ನು ಮುಳುಗಿಸಿದ್ದೇನು ಎಂಬುದು ಯುದ್ಧದ ದಿನ ಬ್ರಿಟಿಷರಿಗೆ ತಿಳಿದಿರಲಿಲ್ಲ. ಪ್ರವಾಹದಲ್ಲಿ ತೇಲಿಬಿಟ್ಟ ಸ್ಫೋಟಕಗಳಿರಬೇಕೆಂದು ಅವರು ಭಾವಿಸಿದ್ದರು. ನಿಜ ಸಂಗತಿ ಬೇರೆಯಾಗಿತ್ತು. ಮಾರ್ಚ್ 8ರ ನಸುಕಿನಲ್ಲಿ ‘ನುಸ್ರತ್’ ಎಂಬ ಪುಟ್ಟ ತುರ್ಕಿ ಹಡಗು ಎರೆನ್‌ಕೊಯ್ ಕೊಲ್ಲಿಯ ನೀರಿನಡಿ 26 ಮೈನ್‌ಗಳನ್ನು ದಡಕ್ಕೆ ಸಮಾನಾಂತರವಾಗಿ ಇರಿಸಿ ಹೋಗಿತ್ತು. ಶತ್ರು ನೌಕೆಗಳು ಹಿಂದಿರುಗಲು ತಿರುಗುವುದು ಅಲ್ಲಿಯೇ ಎಂಬುದನ್ನು ತುರ್ಕರು ದಿನವೂ ನೋಡಿ ಗುರುತಿಸಿಕೊಂಡಿದ್ದರು. ದಡದ ಫಿರಂಗಿಗಳು ಮೈನ್ ತೆಗೆಯುವ ದೋಣಿಗಳನ್ನು ತಡೆದವು. ಮೈನ್‌ಗಳು ದೊಡ್ಡ ನೌಕೆಗಳನ್ನು ತಡೆದವು. ಧೈರ್ಯದ ಜೊತೆಗೆ ತಾಳ್ಮೆಯ ವೀಕ್ಷಣೆಯೂ ಲೆಕ್ಕಾಚಾರವೂ ಸೇರಿದ್ದರಿಂದ ಆ ಗೆಲುವು ಸಾಧ್ಯವಾಯಿತು.

ನಮ್ಮಲ್ಲಿ ಚನಕ್ಕಲೆಯ ಕಥೆಯನ್ನು ಹೇಳುವಾಗ ಪವಾಡಗಳನ್ನಷ್ಟೇ ಹೇಳಿ ಮುಗಿಸುವವರಿದ್ದಾರೆ. ಕೇಳಲು ಅಹಿತವೆನಿಸುವ ಸಂಗತಿಗಳನ್ನು ಬಿಟ್ಟುಬಿಡುತ್ತಾರೆ. ಗಲ್ಲಿಪೋಲಿಯಲ್ಲಿ ಬ್ರಿಟಿಷರ ಪರವಾಗಿ ಭಾರತೀಯ ಸೈನಿಕರೂ ಇದ್ದರು. ಮುಸ್ಲಿಮ್ ಸೈನಿಕರಿದ್ದ ಎರಡು ಪಂಜಾಬಿ ಪಡೆಗಳನ್ನು 1915ರ ಮೇ ತಿಂಗಳಲ್ಲಿ ಅಲ್ಲಿಂದ ಫ್ರಾನ್ಸ್‌ಗೆ ಕಳುಹಿಸಲಾಯಿತು. ಆದರೂ ಹೇಸರಗತ್ತೆಗಳ ಮೇಲೆ ಸಾಮಗ್ರಿ ಹೊರಿಸುವ ದಳಗಳಲ್ಲಿ ಮುಸ್ಲಿಮರು ಉಳಿದರು. ಇದೂ ನಮ್ಮ ಚರಿತ್ರೆಯೇ.

ಸೆದ್ದುಲ್‌ಬಹರ್ ಕೋಟೆ ಜೀರ್ಣೋದ್ಧಾರಗೊಂಡು 2023ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡಿದೆ. ಅದು ನಮಗೆ ಹೆಮ್ಮೆಯ ಜೊತೆಗೆ ಒಂದು ಪಾಠವನ್ನೂ ಕೊಡಲಿ. ಮಿಚೆಲ್ ಅವರ ಸಮಿತಿ ತನ್ನ ಸೋಲನ್ನು ಅಳೆದು ಬರೆದಿಟ್ಟಿತು. ಶಿಕ್ಷಣದಲ್ಲಿ, ಉದ್ಯೋಗದಲ್ಲಿ ನಮ್ಮ ಸಮುದಾಯ ಎಲ್ಲೆಲ್ಲಿ ಹಿಂದೆ ಬಿದ್ದಿದೆಯೋ ಅಲ್ಲಿಗೆ ನಾವೂ ಹೋಗಿ, ಅಳೆದು, ಎದುರಿನವರನ್ನೂ ಕೇಳಿ ಬರೆದಿಡಲು ಸಿದ್ಧರಿದ್ದೇವೆಯೇ? ಇಲ್ಮಿನ ಹಾದಿ ಆ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.