ಇಬ್ರಿಯ ಭಾಷಾಪಂಡಿತೆ ರಮಾಬಾಯಿ

ಬೆಳಗಾವಿ ಪಟ್ಟಣದಲ್ಲಿಯೂ ಅದರ ತೆಂಕಣದ ಖಾನಾಪುರದಲ್ಲಿಯೂ ಕನ್ನಡ ಮರಾಠಿಗಳೆರಡೂ ಬಹುಕಾಲದಿಂದ ಮನೆಮಾತುಗಳಾಗಿ ನಡೆದುಬಂದಿವೆ. 1818ರಲ್ಲಿ ಬೆಳಗಾವಿಯ ಕೋಟೆ ಇಂಗ್ಲಿಷರ ವಶವಾಯಿತು. 1820ರಲ್ಲಿ ಲಂಡನ್ ಮಿಷನ್ನಿನ ಜೋಸೆಫ್ ಟೇಲರನು ಬಳ್ಳಾರಿಯಿಂದ ಬಂದು ಅಲ್ಲಿ ನೆಲಸಿದನು. ಅಂದಿನಿಂದ ಈ ಸೀಮೆಗೆ ಬೈಬಲು ಎರಡು ಬಾಗಿಲುಗಳಿಂದ ಒಳಬಂದಿತು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರು ಸಿದ್ಧಪಡಿಸಿ 1831ರ ವೇಳೆಗೆ ಪೂರ್ಣವಾಗಿ ಅಚ್ಚುಮಾಡಿಸಿದ ಕನ್ನಡ ಗ್ರಂಥವು ಒಂದು ಕಡೆಯಿಂದ; ಶ್ರೀರಾಮಪುರ ಮುಂಬಯಿಗಳ ಮರಾಠಿ ಗ್ರಂಥವು ಮತ್ತೊಂದು ಕಡೆಯಿಂದ. ಎರಡರ ಅನುವಾದಕರೂ ಪರದೇಶೀಯರು. ಮೂಲಭಾಷೆಗಳನ್ನು ತಾವೇ ಕಲಿತು, ಆ ಮಹಾಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಮರಾಠಿಗೆ ತಂದ ಭಾರತೀಯ ಸ್ತ್ರೀಯು ಹುಟ್ಟಿದುದಾದರೋ ಕರ್ಣಾಟಕದಲ್ಲಿ. ಪಂಡಿತಾ ರಮಾಬಾಯಿಯವರನ್ನು ಸಮಾಜಸುಧಾರಕಿಯೆಂದು ಎಲ್ಲರೂ ಬಲ್ಲರು. ಇಬ್ರಿಯ (ಹೀಬ್ರೂ) ಭಾಷೆಯ ವಿದುಷಿಯೆಂದು ಬಲ್ಲವರು ವಿರಳ.

ಇವರ ತಂದೆ ಅನಂತಶಾಸ್ತ್ರಿ ಡೋಂಗರೆಯವರು ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸಿದರು. ಇದಕ್ಕಾಗಿ ಉಡುಪಿಯಲ್ಲಿ ವಿದ್ವಾಂಸರ ಮುಂದೆ ಶಾಸ್ತ್ರಾಧಾರಗಳನ್ನು ತೋರಿಸಿ ಸಮರ್ಥಿಸಿಕೊಳ್ಳಬೇಕಾಯಿತು. ಬಳಿಕ ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ ಮನೆಮಾಡಿದರು. ಅಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿಯವರು ಜನಿಸಿದರು. ತಾಯಿಯೇ ಗುರು. ಭಾಗವತವು ಬಾಲ್ಯದಲ್ಲಿಯೇ ಕಂಠಸ್ಥವಾಯಿತು. ತೀರ್ಥಯಾತ್ರೆಯ ಅಲೆದಾಟದಲ್ಲಿ ಮರಾಠಿಯ ಜೊತೆಗೆ ಕನ್ನಡ, ಹಿಂದೂಸ್ತಾನಿ, ಬಂಗಾಳಿಗಳೂ ಕೈವಶವಾದವು. ಕ್ಷಾಮದಲ್ಲಿ ತಂದೆತಾಯಿಗಳು ತೀರಿಕೊಂಡರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನಿತ್ತರು. ವಿವಾಹ, ವೈಧವ್ಯ, 1883ರಲ್ಲಿ ಇಂಗ್ಲೆಂಡಿನ ಪ್ರಯಾಣ, ಅಲ್ಲಿಯೇ ಕ್ರೈಸ್ತಮತಸ್ವೀಕಾರ, 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನದ ಸ್ಥಾಪನೆ, ಪುಣೆಗೆ ಸಮೀಪದ ಕೇಡಗಾಂವಿನಲ್ಲಿ ಮುಕ್ತಿ ಮಿಷನ್ನು: ಇವೆಲ್ಲವೂ ಇವರ ಚರಿತ್ರೆಗಳಲ್ಲಿ ವಿಸ್ತಾರವಾಗಿ ಬಂದಿವೆ.

ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದ ಇವರ ಶಕ್ತಿಯ ಬಹುಭಾಗವು ಅನುವಾದಕ್ಕೆ ಸಂದಿತು. ಸಂಸ್ಕೃತವ್ಯಾಕರಣದಲ್ಲಿ ಪಳಗಿದವರಿಗೆ ಇಬ್ರಿಯವು ಒಂದು ಬಗೆಯಲ್ಲಿ ಪರಿಚಿತವಾಗಿಯೂ ಮತ್ತೊಂದು ಬಗೆಯಲ್ಲಿ ವಿಚಿತ್ರವಾಗಿಯೂ ತೋರದಿರದು. ಅಲ್ಲಿಯೂ ಶಬ್ದಗಳಿಗೆ ಧಾತುವೇ ಮೂಲ. ಆದರೆ ಧಾತುವು ಸಾಮಾನ್ಯವಾಗಿ ಮೂರು ವ್ಯಂಜನಗಳ ಕಟ್ಟು, ಸ್ವರಗಳು ಅದರೊಳಗೆ ಬದಲಾಗುತ್ತ ಅರ್ಥವನ್ನು ತಿರುಗಿಸುತ್ತವೆ. ‘ಕಾತವ್’ ಎಂದರೆ ಬರೆದನು. ಬೆಳಗಾವಿಯ ಪೇಟೆಯಲ್ಲಿ ಕೇಳಿಬರುವ ‘ಕಿತಾಬು’ ಇದರ ಅರಬ್ಬೀ ಸಹೋದರ. ಬರೆವಣಿಗೆ ಬಲದಿಂದ ಎಡಕ್ಕೆ. ಸ್ವರಚಿಹ್ನೆಗಳು ವ್ಯಂಜನಗಳಿಗೆ ಬಹುಕಾಲದ ಮೇಲೆ ಸೇರಿದವು.

ಇದೊಂದೇ ಸಾಲದು. ದಾನಿಯೇಲನ ಗ್ರಂಥದ ಎರಡನೆಯ ಅಧ್ಯಾಯದ ನಡುವಿನಿಂದ ಏಳನೆಯದರ ಕೊನೆಯವರೆಗೆ, ಎಜ್ರನ ಗ್ರಂಥದ ಕೆಲವು ಭಾಗಗಳಲ್ಲಿ, ಯೆರೆಮೀಯನ ಒಂದು ವಾಕ್ಯದಲ್ಲಿ ಭಾಷೆಯು ಅರಾಮ್ಯವಾಗುತ್ತದೆ. ಇಬ್ರಿಯದಲ್ಲಿ ‘ಮೆಲೆಖ್’ ರಾಜನು, ‘ಹಮ್ಮೆಲೆಖ್’ ಆ ರಾಜನು. ಅರಾಮ್ಯದಲ್ಲಿ ನಿರ್ದೇಶಕವು ಮುಂದೆ ನಿಲ್ಲದೆ ಹಿಂದೆ ಸೇರಿ ‘ಮಲ್ಕಾ’ ಎಂದಾಗುತ್ತದೆ. ಮೂಲವನ್ನೇ ನೆಚ್ಚುವೆನೆಂದು ಹೊರಟವರಿಗೆ ಈ ಎರಡನೆಯ ಭಾಷೆಯನ್ನು ತಪ್ಪಿಸುವ ದಾರಿಯಿಲ್ಲ.

ಆದರೆ ರಮಾಬಾಯಿಯವರ ಸ್ವಂತಿಕೆ ಇರುವುದು ಮೂಲಭಾಷೆಯ ಜ್ಞಾನಕ್ಕಿಂತಲೂ ಮರಾಠಿಯ ಆಯ್ಕೆಯಲ್ಲಿ. ಹಳೆಯ ಅನುವಾದಗಳ ಸಂಸ್ಕೃತಮಯವಾದ ಶೈಲಿ ಹಳ್ಳಿಯ ಹೆಂಗಸರಿಗೆ ತಿಳಿಯದೆಂಬುದು ಇವರ ಒಂದು ಆಕ್ಷೇಪ. ಆ ಸಂಸ್ಕೃತ ಪದಗಳು ಹಿಂದೂಶಾಸ್ತ್ರಗಳ ಅರ್ಥವನ್ನು ಹೊತ್ತುಕೊಂಡೇ ಬರುತ್ತವೆಂಬುದು ಮತ್ತೊಂದು. ಈ ಎರಡನೆಯದು ಸಂಸ್ಕೃತವನ್ನು ಆಳವಾಗಿ ಬಲ್ಲವರಿಗೆ ಮಾತ್ರ ಹೊಳೆಯುವಂಥದು. ಕನ್ನಡದಲ್ಲಿಯೇ ನೋಡಬಹುದು: ಬೈಬಲಿಗೆ ‘ಸತ್ಯವೇದ’ವೆಂದೇ ಹೆಸರು ನಿಂತಿದೆ. ಇಬ್ರಿಯದ ‘ಓಲಾ’ ಎಂಬ ಬಲಿಗೆ ಕನ್ನಡದಲ್ಲಿ ‘ಸರ್ವಾಂಗಹೋಮ’ವೆಂದಿದೆ. ಮೂಲದ ಧಾತುವಿಗೆ ‘ಮೇಲೇರು’ ಎಂದರ್ಥ. ‘ಹೋಮ’ವೆಂದೊಡನೆ ಕನ್ನಡಿಗನ ಕಣ್ಣಿಗೆ ಕಟ್ಟುವುದು ಋತ್ವಿಜರೂ ತುಪ್ಪವೂ ಸಮಿತ್ತೂ. ಬಳ್ಳಾರಿಯ ಅನುವಾದಕರ ಪರಂಪರೆಗೆ ಇದು ಅನುಕೂಲವಾಗಿ ಕಂಡಿರಬಹುದು. ರಮಾಬಾಯಿಯವರ ದೃಷ್ಟಿಯಲ್ಲಿ ಇಂಥದೇ ತೊಡಕು. ‘ಸರಸ್ವತೀ’ ಬಿರುದಿನ ಪಂಡಿತೆಯು ಸಂಸ್ಕೃತವನ್ನು ಬುದ್ಧಿಪೂರ್ವಕವಾಗಿ ದೂರವಿಟ್ಟುದು ಸಣ್ಣ ತ್ಯಾಗವಲ್ಲ.

ಈ ನಿಷ್ಠುರತೆಗೆ ಬೆಲೆ ತೆರಬೇಕಾಯಿತು. ಮೂಲದ ಪದಪದವನ್ನೂ ಹಿಡಿದು ನಡೆದ ಗದ್ಯವು ಅಲ್ಲಲ್ಲಿ ಎಡವುತ್ತದೆ. ಸಭೆಗಳಲ್ಲಿ ಬೈಬಲ್ ಸೊಸೈಟಿಯ ಪಾಠವೇ ಉಳಿಯಿತು. ಹಾಗೆಂದು ಇದನ್ನು ಭಕ್ತೆಯೊಬ್ಬಳ ಹವ್ಯಾಸವೆಂದು ತಳ್ಳಿಬಿಡುವುದು ಅನ್ಯಾಯ. ಇಬ್ರಿಯದ ಕ್ರಿಯಾಪದವು ಮಧ್ಯಮಪುರುಷದಲ್ಲಿಯೂ ಸ್ತ್ರೀಪುರುಷಭೇದವನ್ನು ಕಾಯುವ ಭಾಷೆ. ಅರುವತ್ತೆಂಟನೆಯ ಕೀರ್ತನೆಯಲ್ಲಿ ಶುಭವಾರ್ತೆಯನ್ನು ಸಾರುವವರು ಮೂಲದಲ್ಲಿ ಸ್ತ್ರೀಯರು. 1611ರ ಇಂಗ್ಲಿಷ್ ಪಾಠದಲ್ಲಿ ಆ ಲಿಂಗವು ಮರೆಯಾಗಿ, 1885ರ ಪರಿಷ್ಕರಣದಲ್ಲಿ ಮಾತ್ರ ಮರಳಿತು. ಮೂಲವನ್ನು ಸ್ತ್ರೀಯರೂ ಓದಬೇಕಾದುದೇಕೆಂಬುದಕ್ಕೆ ಈ ಒಂದು ಪದವೇ ಸಾಕು.

ಗ್ರಂಥವನ್ನು ಮುಕ್ತಿಯ ಸ್ವಂತ ಅಚ್ಚುಕೂಟದಲ್ಲಿಯೇ ಮುದ್ರಿಸಲಾಯಿತು. ಕ್ಷಾಮದಿಂದಲೂ ಬಾಲವೈಧವ್ಯದಿಂದಲೂ ಪಾರಾಗಿ ಬಂದ ಹೆಣ್ಣುಮಕ್ಕಳೇ ಅಲ್ಲಿ ಮೊಳೆಗಳನ್ನು ಜೋಡಿಸಿದರು. 1921ರ ಜುಲೈಯಲ್ಲಿ ಮಗಳು ಮನೋರಮಾ ತೀರಿಕೊಂಡರು. ತಾಯಿಯು ಕರಡು ತಿದ್ದುವುದನ್ನು ನಿಲ್ಲಿಸಲಿಲ್ಲ. 1922ರ ಏಪ್ರಿಲ್ 5ರಂದು ರಮಾಬಾಯಿಯವರು ಕಾಲವಾದರು. ಸಮಗ್ರ ಗ್ರಂಥವು 1924ರಲ್ಲಿ ಹೊರಬಂದಿತು.