‘ಜಾಕ್ಯಾಸ್’ ವಿಡಿಯೊಗಳು ನಿಜವೋ ಸುಳ್ಳೋ? ಡಿವಿಡಿಯಲ್ಲಿದ್ದು ಫಾರ್ವರ್ಡ್‌ನಲ್ಲಿ ಕಾಣೆಯಾದದ್ದೇನು?

ಜಾದೂಗಾರನ ವೇಷ ತೊಟ್ಟ ಒಬ್ಬ ವ್ಯಕ್ತಿ ಗೂಳಿಯ ಎದುರು ನಿಂತಿದ್ದಾನೆ. ಗೂಳಿ ನುಗ್ಗಿ ಬಂದು ಅವನನ್ನು ಎತ್ತಿ ಎಸೆಯುತ್ತದೆ. ಆತ ಗಾಳಿಯಲ್ಲಿ ಪಲ್ಟಿ ಹೊಡೆದು ನೆಲಕ್ಕೆ ಅಪ್ಪಳಿಸುತ್ತಾನೆ. ಹತ್ತು ಹದಿನೈದು ಸೆಕೆಂಡಿನ ಇಂತಹ ತುಣುಕು ಗ್ರೂಪಿಗೆ ಬಂದರೆ ಕೆಳಗೆ ಎರಡು ಬಗೆಯ ಮಾತು ಗ್ಯಾರಂಟಿ. ‘ಇದೆಲ್ಲ ಗ್ರಾಫಿಕ್ಸ್, ಎಐ’ ಅನ್ನುವವರು ಕೆಲವರು. ‘ಅವನಿಗೇನೂ ಆಗಿಲ್ಲ, ಎಲ್ಲ ಪ್ರಾಕ್ಟೀಸ್’ ಅನ್ನುವವರು ಇನ್ನು ಕೆಲವರು. ಎರಡೂ ತಪ್ಪು.

ಆ ದೃಶ್ಯ 2022ರಲ್ಲಿ ಬಿಡುಗಡೆಯಾದ ಅಮೆರಿಕದ ‘ಜಾಕ್ಯಾಸ್ ಫಾರೆವರ್’ ಚಿತ್ರದ್ದು. ಗೂಳಿ ನಿಜ, ಪೆಟ್ಟೂ ನಿಜ. ಬಿದ್ದವರು ಜಾನಿ ನಾಕ್ಸ್‌ವಿಲ್. ಮಣಿಕಟ್ಟು ಮುರಿಯಿತು, ಪಕ್ಕೆಲುಬು ಮುರಿಯಿತು, ಮಿದುಳಿಗೆ ಪೆಟ್ಟಾಗಿ ತಲೆಯೊಳಗೆ ರಕ್ತಸ್ರಾವವಾಯಿತು. ತಲೆಗೆ ಪೆಟ್ಟಾಗಬಹುದಾದ ಸಾಹಸ ಇನ್ನು ಮಾಡುವುದಿಲ್ಲ ಎಂದು ಆಮೇಲೆ ಅವರೇ ಹೇಳಿದರು. ಫಾರ್ವರ್ಡ್‌ನಲ್ಲಿ ಇದ್ಯಾವುದೂ ಇರುವುದಿಲ್ಲ. ಈ ಲೇಖನದಲ್ಲಿ ನಾವು ಆ ಬಿಟ್ಟುಹೋದ ಭಾಗವನ್ನೇ ನೋಡೋಣ.

ಯಾರಿವರು?

ಜಾಕ್ಯಾಸ್ ಎಂದರೆ ಗಂಡು ಕತ್ತೆ. ಬೈಗುಳವಾಗಿಯೂ ನಮ್ಮ ‘ಕತ್ತೆ’ಯ ಅರ್ಥವೇ. ಹೆಸರನ್ನು ಅವರೇ ಇಟ್ಟುಕೊಂಡಿದ್ದಾರೆ, ಹಾಗಾಗಿ ನಾವು ಬೇರೆ ಹೇಳಬೇಕಿಲ್ಲ. 1990ರ ದಶಕದಲ್ಲಿ ‘ಬಿಗ್ ಬ್ರದರ್’ ಎಂಬ ಸ್ಕೇಟ್‌ಬೋರ್ಡಿಂಗ್ ಪತ್ರಿಕೆಯಿತ್ತು (ಟಿವಿ ರಿಯಾಲಿಟಿ ಶೋಗೂ ಇದಕ್ಕೂ ಸಂಬಂಧವಿಲ್ಲ). ಅದಕ್ಕೆ ನಾಕ್ಸ್‌ವಿಲ್ ವಿಚಿತ್ರ ಲೇಖನವೊಂದನ್ನು ಸೂಚಿಸಿದರು: ಆತ್ಮರಕ್ಷಣೆಗೆಂದು ಮಾರುವ ಪೆಪ್ಪರ್ ಸ್ಪ್ರೇ, ಶಾಕ್ ಕೊಡುವ ಗನ್‌ಗಳನ್ನೆಲ್ಲ ತನ್ನ ಮೇಲೆಯೇ ಪರೀಕ್ಷಿಸಿ ನೋಡುವುದು. ಪತ್ರಿಕೆಯ ಸಂಪಾದಕ ಜೆಫ್ ಟ್ರೆಮೇನ್, ನಿರ್ದೇಶಕ ಸ್ಪೈಕ್ ಜೋನ್ಸ್ ಜೊತೆ ಸೇರಿ ಅದನ್ನೇ ಕಾರ್ಯಕ್ರಮವಾಗಿಸಿದರು. 2000ದ ಅಕ್ಟೋಬರ್‌ನಲ್ಲಿ ಎಂಟಿವಿಯಲ್ಲಿ ಶುರುವಾಯಿತು. 2002ರಲ್ಲಿ ಸಿನಿಮಾ ಬಂತು. ಸುಮಾರು 50 ಲಕ್ಷ ಡಾಲರ್ ಖರ್ಚಿನ ಚಿತ್ರ ಜಗತ್ತಿನಾದ್ಯಂತ 7 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. 2006ರಲ್ಲಿ ಎರಡನೆಯದು, 2010ರಲ್ಲಿ 3ಡಿಯಲ್ಲಿ ಮೂರನೆಯದು.

ಡಿವಿಡಿಯಲ್ಲಿ ಏನಿತ್ತು?

ಮನೆಗೆ ಬಂದ ಡಿಸ್ಕ್‌ನಲ್ಲಿ ಚಿತ್ರದ ಜೊತೆಗೆ ಬಹಳಷ್ಟು ಸಾಮಾನು ಇರುತ್ತಿತ್ತು. ಮೊದಲಿಗೆ ಎಚ್ಚರಿಕೆ: ಇದನ್ನು ವೃತ್ತಿಪರರು ಅಥವಾ ಅವರ ಮೇಲ್ವಿಚಾರಣೆಯಲ್ಲಿ ಮಾಡಿದ್ದಾರೆ, ನೀವು ಮಾಡಬೇಡಿ. ಆಮೇಲೆ ಸೋತುಹೋದ ಪ್ರಯತ್ನಗಳು, ಚಿತ್ರೀಕರಣದ ಹಿಂದಿನ ದೃಶ್ಯಗಳು, ನಟರೂ ನಿರ್ದೇಶಕರೂ ಸಿನಿಮಾ ನೋಡುತ್ತಾ ಮಾತಾಡುವ ಪ್ರತ್ಯೇಕ ಧ್ವನಿಮುದ್ರಣ. ಎರಡನೇ ಚಿತ್ರಕ್ಕೆಂದು ಚಿತ್ರೀಕರಿಸಿ ಉಳಿದ ತುಣುಕುಗಳಿಂದ ‘ಜಾಕ್ಯಾಸ್ 2.5’ ಎಂಬ ಇನ್ನೊಂದು ಚಿತ್ರವನ್ನೇ ಮಾಡಿ, 2007ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಮೊದಲು ಇಂಟರ್ನೆಟ್‌ನಲ್ಲಿ ಉಚಿತವಾಗಿ, ನಂತರ ಡಿಸ್ಕ್‌ನಲ್ಲಿ ಬಿಟ್ಟರು. ನೆಟ್‌ಫ್ಲಿಕ್ಸ್‌ನಂಥವು ಹೆಚ್ಚು ಜನರಿಗೆ ಗೊತ್ತೇ ಇಲ್ಲದ ಕಾಲ ಅದು.

ನಮ್ಮ ಅಭಿಪ್ರಾಯದಲ್ಲಿ ಈ ಹೆಚ್ಚುವರಿ ಭಾಗವೇ ಮುಖ್ಯ ಚಿತ್ರಕ್ಕಿಂತ ಪ್ರಾಮಾಣಿಕ. ಒಂದು ನಗುವಿನ ಹಿಂದೆ ಎಷ್ಟು ಜನ, ಎಷ್ಟು ಸಿದ್ಧತೆ, ಎಷ್ಟು ಕೆಟ್ಟುಹೋದ ಪ್ರಯತ್ನ ಇದೆ ಎಂಬುದು ಅಲ್ಲಿ ಕಾಣುತ್ತದೆ.

ಡಿಸ್ಕ್‌ನ ಹೊದಿಕೆಯ ಮೇಲಿದ್ದ ‘ಅನ್‌ರೇಟೆಡ್’ ಎಂಬ ಪದದ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ‘ಸರ್ಕಾರ ನಿಷೇಧಿಸಿದ್ದು’ ಎಂದು ಓದಿಕೊಳ್ಳುವವರಿದ್ದಾರೆ. ಅಮೆರಿಕದಲ್ಲಿ ಚಿತ್ರಗಳಿಗೆ ವಯಸ್ಸಿನ ದರ್ಜೆ ಕೊಡುವುದು ಚಿತ್ರೋದ್ಯಮದ್ದೇ ಸಂಸ್ಥೆ, ಸರ್ಕಾರವಲ್ಲ. ಥಿಯೇಟರ್‌ಗೆ ‘ಆರ್’ ದರ್ಜೆಯ ಆವೃತ್ತಿ ಹೋಗುತ್ತದೆ. ಅಂದರೆ 17 ತುಂಬದವರು ಹಿರಿಯರ ಜೊತೆ ಬರಬೇಕು. ಡಿಸ್ಕ್‌ಗೆ ಒಂದಷ್ಟು ದೃಶ್ಯ ಸೇರಿಸಿ, ಆ ಹೊಸ ಆವೃತ್ತಿಯನ್ನು ದರ್ಜೆಗೆ ಕಳಿಸದೇ ಮಾರಿದರೆ ಅದೇ ‘ಅನ್‌ರೇಟೆಡ್’. ಮಾರಾಟಕ್ಕೆ ಒಳ್ಳೆಯ ಪದ, ಅಷ್ಟೇ. ನಮ್ಮಲ್ಲಿ ಹಾಗಿಲ್ಲ. ಇಲ್ಲಿ ಥಿಯೇಟರ್‌ನಲ್ಲಿ ತೋರಿಸಲು 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಪ್ರಮಾಣಪತ್ರ ಕಡ್ಡಾಯ.

ಎಲ್ಲವೂ ನಿಜವೇ?

ಪೆಟ್ಟುಗಳು ನಿಜ, ಸನ್ನಿವೇಶಗಳು ಹಲವು ಬಾರಿ ಕಟ್ಟಿದವು. ಮೊದಲ ಚಿತ್ರದಲ್ಲಿ ಅಂಗಡಿಯೊಳಗೆ ನಾಕ್ಸ್‌ವಿಲ್ ಅವರನ್ನು ಕೆಡವುವ ದಢೂತಿ ಮನುಷ್ಯ ‘ಬಟರ್‌ಬೀನ್’ ನಿಜವಾದ ವೃತ್ತಿಪರ ಬಾಕ್ಸರ್. ತಲೆಗೆ ಬಿದ್ದ ಹೊಲಿಗೆಯೂ ನಿಜ. ಎರಡನೇ ಚಿತ್ರದಲ್ಲಿ ಟ್ಯಾಕ್ಸಿ ಚಾಲಕನಾಗಿ ಬಂದು ಪ್ರಯಾಣಿಕನನ್ನು ಹೆದರಿಸುವವರು ಮಾತ್ರ ಭಾರತೀಯ ಮೂಲದ ನಟ, ನಿರ್ದೇಶಕ ಜೇ ಚಂದ್ರಶೇಖರ್. ಬೇರೆಯವರನ್ನು ಬೇಸ್ತು ಬೀಳಿಸುತ್ತಿದ್ದೇನೆ ಎಂದುಕೊಂಡಿದ್ದ ತಂಡದ ಸದಸ್ಯನೇ ಅಲ್ಲಿ ಬೇಸ್ತು ಬಿದ್ದ. 2013ರ ‘ಬ್ಯಾಡ್ ಗ್ರ್ಯಾಂಡ್‌ಪಾ’ ಚಿತ್ರದ 86ರ ಅಜ್ಜ ಕೂಡ ಮೇಕಪ್ ಹಾಕಿದ ನಾಕ್ಸ್‌ವಿಲ್. ಆ ಮೇಕಪ್ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು.

‘50,000 ವೋಲ್ಟ್ ತಡೆದುಕೊಂಡ, 230 ಯಾವ ಲೆಕ್ಕ?’

ಶಾಕ್ ಕೊಡುವ ಟೇಸರ್ ವಿಡಿಯೊ ಬಂದಾಗಲೆಲ್ಲ ಈ ಮಾತು ಬರುತ್ತದೆ. ಇದು ಬಹಳ ಅಪಾಯದ ಲೆಕ್ಕ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

50,000 ಎಂಬುದು ಗಾಳಿಯಲ್ಲಿ ಕಿಡಿ ಹಾರಿಸಲು, ಬಟ್ಟೆ ದಾಟಲು ಬೇಕಾದ ವೋಲ್ಟೇಜ್. ಮೈಗೆ ತಾಗಿದ ಕೂಡಲೇ ಅದು ಸಾವಿರದ ಆಸುಪಾಸಿಗೆ ಇಳಿದುಬಿಡುತ್ತದೆ. ವಿದ್ಯುತ್ ಒಂದೇ ಸಮನೆ ಹರಿಯುವುದಿಲ್ಲ, ಸೆಕೆಂಡಿಗೆ ಸುಮಾರು 19 ಸಲ ಅತಿ ಚಿಕ್ಕ ತುಣುಕಾಗಿ ಬರುತ್ತದೆ. ಸರಾಸರಿ ಕರೆಂಟ್ ಕೆಲವೇ ಮಿಲಿಆಂಪ್. ಸ್ನಾಯು ಸೆಟೆದುಕೊಳ್ಳಲು, ನೋವಾಗಲು ಅಷ್ಟು ಸಾಕು.

ಮನೆಯ ಪ್ಲಗ್ಗಿನದು ಬೇರೆ ಕಥೆ. ವೋಲ್ಟೇಜ್ 230 ಮಾತ್ರ, ಆದರೆ ಅದು ನಿಲ್ಲದೆ ಹರಿಯುತ್ತದೆ. ಒದ್ದೆ ಕೈಯಾದರೆ ಹತ್ತಾರು ಮಿಲಿಆಂಪ್ ಎದೆಯ ಮೂಲಕ ಸುಲಭವಾಗಿ ಹಾಯುತ್ತದೆ. ಹಿಡಿದ ಕೈ ಬಿಡಲಾಗುವುದಿಲ್ಲ, ಹೃದಯದ ಬಡಿತ ಲಯ ತಪ್ಪುತ್ತದೆ. ಮನೆಗಳಲ್ಲಿ ಜೀವರಕ್ಷಣೆಗೆ ಹಾಕುವ ಆರ್‌ಸಿಸಿಬಿ ಸ್ವಿಚ್ 30 ಮಿಲಿಆಂಪ್ ಸೋರಿದರೆ ಬೀಳುವಂತೆ ಮಾಡಿರುವುದು ಇದೇ ಕಾರಣಕ್ಕೆ. ಹಾಗೆಂದು ಟೇಸರ್ ಆಟಿಕೆಯೂ ಅಲ್ಲ. ಸೆಟೆದುಕೊಂಡು ಬೀಳುವಾಗ ಕೈ ಊರಲು ಆಗದೆ ತಲೆ ಒಡೆದುಕೊಂಡವರಿದ್ದಾರೆ. ಪೊಲೀಸರು ಬಳಸಿದ ಸಂದರ್ಭಗಳಲ್ಲಿ ಸಾವುಗಳೂ ಆಗಿವೆ.

ತಲೆಗೆ ಬಿದ್ದ ಪೆಟ್ಟು

ಮಿದುಳು ಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುತ್ತದೆ. ತಲೆ ಥಟ್ಟನೆ ನಿಂತಾಗ ಅದು ಒಳಗೇ ಅಲುಗಾಡುತ್ತದೆ, ತಿರುಚಿಕೊಳ್ಳುತ್ತದೆ. ಹೊರಗೆ ಗಾಯವೇ ಇಲ್ಲದಿರಬಹುದು. ಸಿಟಿ ಸ್ಕ್ಯಾನ್ ಕೂಡ ಸರಿಯಾಗಿಯೇ ಇರಬಹುದು. ಆದರೂ ಮರೆವು, ತಲೆನೋವು, ಸಿಡುಕು ವಾರಗಟ್ಟಲೆ ಉಳಿಯುತ್ತದೆ. ಅದು ಮಾಗುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ, ವಿಶೇಷವಾಗಿ ಹದಿಹರೆಯದವರಲ್ಲಿ, ಪರಿಣಾಮ ತುಂಬ ಕೆಟ್ಟದಾಗಬಹುದು. ಬಿದ್ದವನು ಎದ್ದು ನಕ್ಕ ಮಾತ್ರಕ್ಕೆ ಏನೂ ಆಗಿಲ್ಲ ಎಂದಲ್ಲ.

ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ತೊದಲು ಮಾತು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಕಿವಿ ಮೂಗಿನಿಂದ ರಕ್ತ ಅಥವಾ ತಿಳಿನೀರು, ಎಬ್ಬಿಸಿದರೂ ಏಳದಿರುವುದು, ಫಿಟ್ಸ್: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಪ್ರಯೋಜನವಿಲ್ಲ, ಪಕ್ಕಕ್ಕೆ ಹೊರಳಿಸಿ ಮಲಗಿಸಿ.

ಹದಿಮೂರರ ಹುಡುಗ

ಟಿವಿ ಕಾರ್ಯಕ್ರಮದ ಒಂದು ಕಂತಿನಲ್ಲಿ ನಾಕ್ಸ್‌ವಿಲ್ ಬೆಂಕಿ ತಡೆಯುವ ಉಡುಪು ತೊಟ್ಟು, ಮೇಲೆ ಮಾಂಸದ ತುಂಡುಗಳನ್ನು ಅಂಟಿಸಿಕೊಂಡು ಕೆಂಡದ ಒಲೆಯ ಮೇಲೆ ಮಲಗಿದ್ದರು. 2001ರ ಜನವರಿಯಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ 13 ವರ್ಷದ ಹುಡುಗನೊಬ್ಬ ಅದನ್ನು ಅನುಕರಿಸಲು ಹೋದ. ಕಾಲಿಗೆ ಪೆಟ್ರೋಲ್ ಸುರಿದು ಬೆಂಕಿ ಹಚ್ಚಲಾಯಿತು. ಉಡುಪೂ ಇರಲಿಲ್ಲ, ನಂದಿಸುವ ತಂಡವೂ ಇರಲಿಲ್ಲ. ಎರಡನೇ ಮತ್ತು ಮೂರನೇ ಹಂತದ ಸುಟ್ಟಗಾಯಗಳಾದವು. ಆ ರಾಜ್ಯದ ಸೆನೆಟರ್ ಜೋ ಲೀಬರ್‌ಮನ್ ಚಾನೆಲ್ ವಿರುದ್ಧ ದನಿ ಎತ್ತಿದ ಮೇಲೆ ಕಾರ್ಯಕ್ರಮ ರಾತ್ರಿ 10ರ ನಂತರಕ್ಕೆ ಹೋಯಿತು.

ಗಮನಿಸಿ: ಆ ಕಂತಿನಲ್ಲಿ ಎಚ್ಚರಿಕೆ ಇತ್ತು. ಎಚ್ಚರಿಕೆ ಇದ್ದಾಗಲೇ ಹೀಗಾಯಿತು. ಪೆಟ್ರೋಲ್ ವಿಷಯದಲ್ಲಿ ಹೊತ್ತಿಕೊಳ್ಳುವುದು ದ್ರವವಲ್ಲ, ಅದರ ಆವಿ. ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡುತ್ತದೆ. ‘ಸ್ವಲ್ಪವೇ ಹಾಕಿದ್ದೆವು’ ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್, ಇಂಕು, ಐಸ್ ಹಚ್ಚಬೇಡಿ. 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿದು, ಶುಭ್ರ ಬಟ್ಟೆ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನೊಂದು ಗೊಂದಲ: ತಂಡದ ರಯಾನ್ ಡನ್ ಸಾಹಸ ಮಾಡುತ್ತಾ ಸತ್ತರು ಎನ್ನುವುದು ಸುಳ್ಳು. 2011ರ ಜೂನ್ 20ರಂದು ಪೆನ್ಸಿಲ್ವೇನಿಯಾದಲ್ಲಿ ಕುಡಿದು, ಗಂಟೆಗೆ 200 ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ ಕಾರು ಓಡಿಸುತ್ತಿದ್ದಾಗ ಅಪಘಾತವಾಯಿತು. ಜೊತೆಗಿದ್ದವರೂ ಸತ್ತರು. ಕ್ಯಾಮೆರಾ ಇರಲಿಲ್ಲ.

ದಾರಿಹೋಕರ ಮೇಲಿನ ಪ್ರ್ಯಾಂಕ್

ತಮ್ಮ ಮೈ ಮೇಲೆ ತಾವೇ ಮಾಡಿಕೊಳ್ಳುವುದು ಒಂದು, ಗೊತ್ತಿಲ್ಲದವರ ಮೇಲೆ ಮಾಡುವುದು ಇನ್ನೊಂದು. ಇಂತಹ ಚಿತ್ರಗಳಲ್ಲಿ ಗುಪ್ತ ಕ್ಯಾಮೆರಾಗೆ ಸಿಕ್ಕವರ ಬಳಿ ದೃಶ್ಯ ಮುಗಿದ ಮೇಲೆ ವಿಷಯ ತಿಳಿಸಿ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುತ್ತಾರೆ. ಒಪ್ಪದವರ ಮುಖ ಮಸುಕು ಮಾಡಬೇಕು, ಇಲ್ಲವೇ ದೃಶ್ಯ ಬಿಡಬೇಕು.

ನಮ್ಮಲ್ಲಿ 2019ರ ನವೆಂಬರ್‌ನಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ಏಳು ಯುವಕರು ಯೂಟ್ಯೂಬ್ ವಿಡಿಯೊಗಾಗಿ ರಾತ್ರಿ ಬಿಳಿ ಬಟ್ಟೆ ಉಟ್ಟು, ದೆವ್ವದ ವೇಷದಲ್ಲಿ ವಾಹನ ಸವಾರರನ್ನೂ ದಾರಿಹೋಕರನ್ನೂ ಹೆದರಿಸಿದರು. ಸೋಲದೇವನಹಳ್ಳಿ ಪೊಲೀಸರು ಅವರನ್ನು ಬಂಧಿಸಿದರು, ಆಮೇಲೆ ಜಾಮೀನು ಸಿಕ್ಕಿತು. ರಾತ್ರಿ ಬೈಕಿನಲ್ಲಿ ಬರುವವನು ಬೆಚ್ಚಿ ಹ್ಯಾಂಡಲ್ ತಿರುಗಿಸಿದರೆ ಏನಾಗುತ್ತದೆ ಎಂಬುದಕ್ಕೆ ವಿಜ್ಞಾನ ಬೇಕಿಲ್ಲ. ಹೆದರಿದವರಲ್ಲಿ ಹೃದ್ರೋಗಿ ಇರಬಹುದು, ಬಸುರಿ ಇರಬಹುದು. ಕ್ಯಾಮೆರಾ ಹಿಡಿದವನಿಗೆ ಅದು ತಿಳಿಯುವ ದಾರಿಯಿಲ್ಲ. ಅಂತಹ ವಿಡಿಯೊದಲ್ಲಿ ಕಿರುಚುತ್ತಾ ಓಡುವ ವ್ಯಕ್ತಿ ನಿಮ್ಮ ಗ್ರೂಪಿಗೆ ಬರಲು ಯಾವ ಕಾಗದಕ್ಕೂ ಸಹಿ ಹಾಕಿರುವುದಿಲ್ಲ.